ಒಡೆದ ಹಣ್ಣಿನ ಬೀಜ

ನಮ್ಮ ದೊಡ್ಡಮ್ಮ ಸೊಣ್ಣಮ್ಮನನ್ನು ಸುಬ್ರಹ್ಮಣ್ಯಪುರದಿಂದ ಯಡಿಯೂರಿಗೆ ಮದುವೆ ಮಾಡಿ ಕೊಟ್ಟದ್ದು ಐವತ್ತಮೂರರಲ್ಲಿ. ಗಂಡ ಚಿಕ್ಕಬೈರಪ್ಪ ಒಳ್ಳೆಯವನೇ. ತಾಯಿಯ ಎದುರು ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ. ಆ ‘ಅಷ್ಟೆ’ಯಲ್ಲೇ ದೊಡ್ಡಮ್ಮನ ಅರ್ಧ ಆಯುಸ್ಸು ಕಳೆಯಿತು.

ಕೆರೆಯ ಕೆಳಗೆ ಅವರದು ಟೊಮ್ಯಾಟೊ ತೋಟ. ಮದುವೆಯಾದ ವರ್ಷ ಹೊಸ ಸೊಸೆಯ ಕೈಯಿಂದ ಸಸಿ ನೆಡಿಸಿದರು. ಮಳೆ ಬಿದ್ದದ್ದೇ ತಡ, ಹಣ್ಣುಗಳು ತೊಟ್ಟಿನ ಸುತ್ತ ಬಿರುಕು ಬಿಟ್ಟವು. ಹಿಂದಿನ ವರ್ಷಗಳಲ್ಲೂ ಬಿಡುತ್ತಿದ್ದವು, ಆದರೆ ಆಗ ಬೈಯಲು ಮನೆಯಲ್ಲಿ ಸೊಸೆ ಇರಲಿಲ್ಲ. “ಇವಳ ಕೈಗುಣ ಸರಿಯಿಲ್ಲ” ಎಂದು ಅತ್ತೆ ಲಕ್ಷ್ಮಿದೇವಮ್ಮ ತೀರ್ಪು ಕೊಟ್ಟರು. ಅಂದಿನಿಂದ ದೊಡ್ಡಮ್ಮ ಬೀಜ ಮುಟ್ಟುವಂತಿಲ್ಲ, ಸಸಿ ನೆಡುವಂತಿಲ್ಲ. ನೀರು ಹೊರಬಹುದು, ಗೊಬ್ಬರ ಹೊರಬಹುದು. ಹೊರುವುದಕ್ಕೆ ಕೈಗುಣ ಬೇಡವಲ್ಲ! ನೆರೆಯವರು ಸೀಮಂತಕ್ಕೆ ಕರೆಯುವುದನ್ನೂ ಬಿಟ್ಟರು.

ಜಯನಗರದ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದ ಗಂಗಾಧರಯ್ಯನವರು ಸರ್ಕಾರಿ ತೋಟದಲ್ಲಿ ಕೆಲಸಕ್ಕಿದ್ದರು. ನಾಲ್ಕು ವರ್ಷದ ಮೇಲೆ ಒಂದು ದಿನ ಬೇಲಿಯ ಹತ್ತಿರ ಹಣ್ಣು ಕೊಳ್ಳಲು ಬಂದವರು ಗಿಡದಲ್ಲಿ ಒಡೆದ ಹಣ್ಣು ಕಂಡು ದೊಡ್ಡಮ್ಮನನ್ನು ಕೇಳಿದರು, “ಬೀಜ ಎಲ್ಲಿಂದ ತರ್ತೀರಮ್ಮ?”

“ಮನೇದೇ ಸ್ವಾಮಿ. ಚೆನ್ನಾಗಿರೋದೆಲ್ಲ ಮಾರ್ಕೆಟ್ಟಿಗೆ ಹೋಗುತ್ತೆ, ಒಡೆದಿದ್ದು ಸಾರಿಗೆ. ಅದರದೇ ಬೀಜ ತೆಗೆದು ಬೂದೀಲಿ ಉಜ್ಜಿ ಇಡ್ತಾರೆ ನಮ್ಮತ್ತೆ.”

ಗಂಗಾಧರಯ್ಯ ನಕ್ಕುಬಿಟ್ಟರು. “ಮಳೆ ಬರೀ ನೆಪ ಕಣಮ್ಮ. ತಾಯಿ ಮೂಗು ಮಗಳಿಗೆ ಬರೋ ಹಾಗೆ ಒಡೆಯೋ ಗುಣ ಬೀಜದಲ್ಲೇ ಬರುತ್ತೆ. ವರ್ಷಾವರ್ಷ ನೀವು ಅದನ್ನೇ ಆರಿಸಿ ಬಿತ್ತಿದೀರ. ಮಳೇಲೂ ಒಡೆಯದ ಗಿಡ ಒಂದಾದ್ರೂ ಇದ್ರೆ, ಅದರ ಹಣ್ಣನ್ನ ಬೀಜಕ್ಕೆ ಬಿಡಿ.”

ನಾಲ್ಕು ವರ್ಷ ತಿಂದ ಬೈಗುಳ ತನ್ನದಲ್ಲವೆಂದು ತಿಳಿದಾಗ ದೊಡ್ಡಮ್ಮನಿಗೆ ಅಳು ಬಂತಂತೆ. ಒಡೆಯದ ಒಂದು ಗಿಡ ಹುಡುಕಿ, ಅದರ ಎರಡು ಹಣ್ಣನ್ನು ಸೆರಗಿನಲ್ಲಿ ಕದ್ದು ತಂದಳು. ಬಚ್ಚಲು ನೀರು ಹರಿಯುವ ಹಿತ್ತಿಲಲ್ಲಿ ಹನ್ನೊಂದು ಗಿಡ ಎದ್ದವು. ಅತ್ತೆ ಮೂಗು ಮುರಿದರು, ಸದ್ಯ ಕೀಳಿಸಲಿಲ್ಲ. ಮಳೆ ಬಂತು. ಎಂಟು ಗಿಡದ ಹಣ್ಣು ನುಣ್ಣಗೆ ನಿಂತವು, ಮೂರರವು ಒಡೆದವು.

“ಅದು ಹಾಗೇ. ಗುಣ ಒಂದು ತಲೆಮಾರು ಅಡಗಿ ಕೂತು ಮತ್ತೆ ಕಾಣಿಸ್ಕೊಳ್ಳುತ್ತೆ,” ಎಂದರು ಗಂಗಾಧರಯ್ಯ. “ಆ ಎಂಟರ ಬೀಜ ಇಡಿ. ಈ ಮೂರರದು ಮಾತ್ರ ಬೇಡ, ಅದರಿಂದ ಹುಟ್ಟೋದೆಲ್ಲ ಒಡೆಯೋದೇ.”

ಬೀಜದ ಹಣ್ಣು ಗಿಡದಲ್ಲೇ ಪೂರ್ತಿ ಮಾಗಬೇಕು. ಒಂದೇ ಒಂದು ಗಿಡ ಬಿಡಿ ಎಂದು ದೊಡ್ಡಮ್ಮ ಗಂಡನನ್ನು ಬೇಡಿಕೊಂಡಳು. ಅವನು ಹೂಂ ಎಂದು ತಲೆಯಾಡಿಸಿದ. ಮಾರನೆಯ ಬೆಳಿಗ್ಗೆ ಅವಳು ಕೆರೆಯಿಂದ ನೀರು ಹೊತ್ತು ಬರುವಷ್ಟರಲ್ಲಿ ಎಂಟೂ ಗಿಡ ತಿಪ್ಪೆಯಲ್ಲಿದ್ದವು. ತಾಯಿ ಕಿತ್ತುಕೊಟ್ಟ ಹಣ್ಣನ್ನು, ದೋರೆಗಾಯಿ ಸಮೇತ, ಚಿಕ್ಕಬೈರಪ್ಪ ಗಾಡಿಗೆ ಹೇರಿಕೊಂಡು ಹೋಗಿದ್ದ.

ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ನಗುತ್ತ ಕೂತಿದ್ದರು. ಅಷ್ಟು ಚೆಂದದ ಹಣ್ಣನ್ನು ಆ ಮನೆ ಕಂಡೇ ಇರಲಿಲ್ಲ. “ನಿನ್ನ ಕೈ ಸರಿಹೋಯ್ತು ಕಣೆ ಸೊಣ್ಣಿ. ಈ ಸಲ ತೋಟಕ್ಕೆಲ್ಲ ಬೀಜ ನೀನೇ ತೆಗಿ,” ಎಂದು ಒಂದು ಕುಕ್ಕೆಯನ್ನು ಮುಂದಕ್ಕೆ ತಳ್ಳಿದರು. ಅದರಲ್ಲಿದ್ದದ್ದು ಆ ಮೂರು ಗಿಡದ ಒಡಕು ಹಣ್ಣು.

“ಅತ್ತೆಮ್ಮ, ಇದರದ್ದು ಬೇಡ. ಒಡೆಯೋ ಬೀಜ ಇದು.”

“ಮಾರೋ ಹಣ್ಣನ್ನ ಕೊಳೆಸಿ ಬೀಜ ಮಾಡೋಕಾಗುತ್ತಾ? ಒಲ್ಲೆ ಅಂದ್ರೆ ಹೇಳು, ನಾನೇ ತೆಗೀತೀನಿ. ನೀನು ಹೋಗಿ ನೀರು ಹೊರು.”

ದೊಡ್ಡಮ್ಮ ಕೂತು ಬೀಜ ತೆಗೆದಳು. ಮುಂದಿನ ಮಳೆಗೆ ತೋಟದಲ್ಲಿ ಒಂದು ಗಿಡವೂ ತಪ್ಪಿಸಿಕೊಳ್ಳಲಿಲ್ಲ, ಎಲ್ಲದರ ಹಣ್ಣೂ ಒಡೆಯಿತು. ಈ ಸಲ ಬೀಜ ತೆಗೆದ ಕೈ ಯಾರದೆಂದು ಊರಿಗೆಲ್ಲ ಗೊತ್ತಿತ್ತು.

ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. “ನಾನಾಗಿದ್ರೆ ಆ ಕುಕ್ಕೇನ ತಿಪ್ಪೆಗೆ ಸುರೀತಿದ್ದೆ,” ಎಂದೆ.

“ಸುರಿದು ಎಲ್ಲಿಗೆ ಹೋಗ್ತಿದ್ದೆ ಮಗಾ?” ಎಂದಳು ದೊಡ್ಡಮ್ಮ.