ಡಾಲರ್ ಇಳಿಯಲೆಂದು ಕಾದ ಪಾಪಯ್ಯ

ನನ್ನ ತಮ್ಮನನ್ನು ಜರಗನಹಳ್ಳಿಯಲ್ಲಿ ಇವತ್ತಿಗೂ ಹೂವಿನ ಪಾಪಯ್ಯ ಎಂದೇ ಕರೆಯುತ್ತಾರೆ. ಈಗ ದೊಡ್ಡ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ನಮ್ಮಪ್ಪನ ಕಾಲಕ್ಕೆ ಒಂದೂವರೆ ಎಕರೆ ಕನಕಾಂಬರ, ಕಾಕಡ ಇತ್ತು. ಹೂವು ಕೊಯ್ಯಲು ಕೈ ಬೇಕೆಂದು ನನ್ನನ್ನು ಮೂರನೇ ಕ್ಲಾಸಿಗೇ ನಿಲ್ಲಿಸಿದರು. ನಾನು ಕಟ್ಟುತ್ತಿದ್ದೆ, ಅವನು ಮಾರುತ್ತಿದ್ದ.

ಮಾರುವುದರಲ್ಲಿ ಅವನು ಗಟ್ಟಿಗ. ಹಬ್ಬದ ಹಿಂದಿನ ದಿನ ಸಿಟಿ ಮಾರ್ಕೆಟ್ಟಿನಲ್ಲಿ ಬೇರೆಯವರು ಕೇಳಿದ ರೇಟಿಗೆ ಕೊಟ್ಟು ಬಸ್ಸು ಹತ್ತುತ್ತಿದ್ದರು. ಇವನು ಹೂವು ತುಂಬಿದ ಮಂಕರಿಗೆ ಒದ್ದೆ ಗೋಣಿಚೀಲ ಹೊದಿಸಿ ಪಕ್ಕದಲ್ಲಿ ಕೂತುಬಿಡುತ್ತಿದ್ದ. "ಏಳಯ್ಯ, ಬಾಡೋಯ್ತದೆ" ಎಂದು ದಲ್ಲಾಳಿಗಳು ರೇಗಿದರೂ ಏಳುತ್ತಿರಲಿಲ್ಲ. ಎಲ್ಲರ ಮಂಕರಿ ಖಾಲಿಯಾದ ಮೇಲೆ ಇವನು ಹೇಳಿದ್ದೇ ರೇಟು.

ಜಮೀನು ಹೋದ ಮೇಲೆ ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಹೂವಿನ ಅಂಗಡಿ ಇಟ್ಟ. ಮಾರುತ್ತಿದ್ದವನು ಕೊಳ್ಳುವವನಾದ. ಆಗಲೂ ಕಾಯುವುದೇ ಅವನ ಕಸುಬು. "ಹಬ್ಬಕ್ಕೆ ಏರಿದ್ದು ಹಬ್ಬ ಕಳುದ್ಮೇಲೆ ಇಳೀಲೇಬೇಕು ಕಣಕ್ಕ. ಇಳೀದೆ ಎಲ್ಲಿಗೋಯ್ತದೆ?" ಎನ್ನುತ್ತಿದ್ದ. ಪಿತೃಪಕ್ಷ ಬಂದರಂತೂ ಅವನಿಗೆ ಸುಗ್ಗಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೂವು ಕೇಳುವವರಿಲ್ಲ. ಮಾಲೆಗಟ್ಟಲೆ ಸೇವಂತಿಗೆಯನ್ನು ಪುಡಿಗಾಸಿಗೆ ತರುತ್ತಿದ್ದ. ಹೀಗೆ ಕಾದು ಕಾದೇ ಮಗಳನ್ನು ಓದಿಸಿದ, ಮೂರಂತಸ್ತಿನ ಮನೆ ಕಟ್ಟಿದ, ಕೋಣನಕುಂಟೆಯಲ್ಲಿ ಒಂದು ಸೈಟು ಮಾಡಿಕೊಂಡ.

ನಮ್ಮ ಯಜಮಾನರು ತೀರಿಕೊಂಡ ವರ್ಷವೇ ಅವನ ಹೆಂಡತಿಯೂ ಹೋದಳು. ಹೊಸಕೆರೆಹಳ್ಳಿಯಿಂದ ನನ್ನನ್ನು ಕರೆತಂದು ಮನೆಯಲ್ಲಿಟ್ಟುಕೊಂಡ. ಮಗಳು ಅರ್ಪಿತಳಿಗೆ ಆಗ ಎಂಟು ವರ್ಷ. ಅಂದಿನಿಂದ ಅವಳಿಗೆ ಜಡೆ ಹಾಕಿದವಳು ನಾನು. ನರ್ಸಿಂಗ್ ಓದಿದಳು, ಮದುವೆಯಾದಳು, ಗಂಡನ ಜೊತೆ ಆಸ್ಟ್ರೇಲಿಯಾದ ಅಡಿಲೇಡಿಗೆ ಹೋದಳು. ಅಲ್ಲಿ ಆ ಪುಣ್ಯಾತ್ಮ ಇವಳನ್ನೂ ಎರಡು ವರ್ಷದ ಸ್ಪಂದನಾಳನ್ನೂ ಬಿಟ್ಟು ಬೇರೊಬ್ಬಳ ಜೊತೆ ಸಂಸಾರ ಹೂಡಿದ.

"ಬಂದ್ಬಿಡವ್ವ" ಎಂದು ನಾವು ಎಷ್ಟೋ ಕರೆದೆವು. ಬರಲಿಲ್ಲ. ಮುದುಕರನ್ನು ನೋಡಿಕೊಳ್ಳುವ ಒಂದು ಕಡೆ ಎರಡೆರಡು ಪಾಳಿ ದುಡಿದಳು. ಏಳು ವರ್ಷದಲ್ಲಿ ಮೂರು ಬಾಡಿಗೆ ಮನೆ ಖಾಲಿ ಮಾಡಿಸಿದರು, ಮಗು ಮೂರು ಸ್ಕೂಲು ನೋಡಿತು. ಆದರೂ ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಟ್ಟಳು. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಒಂದು ಪುಟ್ಟ ಮನೆ ಗೊತ್ತು ಮಾಡಿ, ಕೂಡಿಟ್ಟದ್ದನ್ನೆಲ್ಲ ಮುಂಗಡ ಕಟ್ಟಿದಳು. ಬಾಕಿಯಲ್ಲಿ ಹೆಚ್ಚು ಪಾಲು ಬ್ಯಾಂಕ್ ಸಾಲ. ಇನ್ನೂ ಐವತ್ತು ಸಾವಿರ ಆಸ್ಟ್ರೇಲಿಯಾ ಡಾಲರ್ ಬೇಕಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅಪ್ಪನ ಹತ್ತಿರ ಕೇಳಿದಳು.

"ಸಾಲ ಅಂತ ಕೊಡಪ್ಪ, ತೀರಿಸ್ತೀನಿ."

"ಏ, ಸುಮ್ಕಿರವ್ವ. ನಿಂಗಲ್ದೆ ಇನ್ಯಾರಿಗೆ ಮಡಗಿದೀನಿ?"

ಅವಳು ವಿಡಿಯೋದಲ್ಲಿ ಆ ಮನೆ ತೋರಿಸಿದಳು. ಸ್ಪಂದನಾ ಫೋನು ಕಿತ್ತುಕೊಂಡು ಓಡಿತು. "ಅಜ್ಜಿ, ಇದು ನನ್ ರೂಮು! ನಂಗೊಬ್ಳಿಗೇ! ಬಾಗ್ಲು ಹಾಕ್ಕೋಬೋದು!" ಎಂದು ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು ತೋರಿಸಿತು.

ಕೋಣನಕುಂಟೆ ಸೈಟು ಮಾರಿದ ದುಡ್ಡು ಬ್ಯಾಂಕಿನಲ್ಲೇ ಇತ್ತು. ನಾನೂ ಜೊತೆಗೆ ಹೋದೆ. ಅಲ್ಲಿನ ಆಫೀಸರ್ ನಂದಕುಮಾರ್ ಕಾಗದಪತ್ರ ಎಲ್ಲ ಸರಿಮಾಡಿ, ಸೆಪ್ಟೆಂಬರ್ ಹತ್ತೊಂಬತ್ತರೊಳಗೆ ದುಡ್ಡು ಅಲ್ಲಿ ಮುಟ್ಟಬೇಕು, ಇಲ್ಲದಿದ್ದರೆ ಮುಂಗಡವೂ ಹೋಗುತ್ತದೆ ಎಂದು ಬಿಡಿಸಿ ಹೇಳಿದರು.

"ಡಾಲರ್ ಎಷ್ಟೈತೆ ಸಾರ್?"

"ಐವತ್ತಾರು."

"ಹೋದ ತಿಂಗ್ಳು?"

"ಐವತ್ತೈದು ಚಿಲ್ಲರೆ ಇತ್ತು."

ಪಾಪಯ್ಯ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಏರೈತೆ ಕಣಕ್ಕ. ಹಬ್ಬ ಬಂತಲ್ಲ."

"ಅದು ಹೂವಲ್ಲ ಅಂಕಲ್" ಎಂದು ನಂದಕುಮಾರ್ ನಕ್ಕರು. "ಇವತ್ತೇ ಕಳಿಸಿಬಿಡಿ, ನೆಮ್ಮದಿ."

"ಯಾವ್ದಾದ್ರೇನ್ ಸಾರ್, ಏರಿದ್ದು ಇಳೀತದೆ. ಒಂದು ರೂಪಾಯಿ ಇಳಿದ್ರೆ ಐವತ್ತು ಸಾವ್ರ. ಮಗೀನ ರೂಮಿಗೆ ಮಂಚ, ಬೀರು ಎಲ್ಲಾ ಬತ್ತದೆ."

ದುಡ್ಡಿನ ಆಸೆಗೆ ಅವನು ಹಾಗೆ ಮಾಡಲಿಲ್ಲ. ಮಗಳಿಗೆ ಒಂದು ಕೈ ಹೆಚ್ಚಾಗಿ ಕೊಡಬೇಕೆಂದು ಮಾಡಿದ. ಇದನ್ನು ಓದುವವರು ಇಷ್ಟನ್ನಾದರೂ ನಂಬಬೇಕು.

ವರಮಹಾಲಕ್ಷ್ಮಿ ಕಳೆಯಿತು. ಡಾಲರ್ ಐವತ್ತೇಳಾಯಿತು. "ಗೌರಿ ಗಣೇಶ ಮುಗೀಲಿ" ಎಂದ. ಗಣೇಶನನ್ನು ನೀರಿಗೆ ಬಿಟ್ಟಾಯಿತು. ಐವತ್ತೇಳೂವರೆ. ಅರ್ಪಿತ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು. ಅವನು "ಆಯ್ತವ್ವ, ಪಕ್ಷ ಬರ್ಲಿ, ನೆಲಕ್ಕೆ ಬೀಳ್ತದೆ ನೋಡ್ತಿರು" ಎನ್ನುತ್ತಿದ್ದ. ಒಂದು ದಿನ ಅವಳು ನನ್ನ ಫೋನಿಗೇ ಮಾಡಿದಳು.

"ಅತ್ತೆ, ನೀನಾದ್ರೂ ಹೇಳು. ನಂಗೆ ಮಂಚ ಬೇಡ, ಬೀರು ಬೇಡ. ಇವತ್ತಿನ ರೇಟಿಗೆ ಕಳಿಸೋಕೆ ಹೇಳು. ನೀನು ಹೇಳಿದ್ರೆ ಕೇಳ್ತಾನೆ."

ಹೌದು, ನಾನು ಹೇಳಿದ್ದರೆ ಕೇಳುತ್ತಿದ್ದ. ಮಂಕರಿ ಪಕ್ಕ ಕೂತಿದ್ದವನ ಮೇಲೆ ನನಗೆ ಅಷ್ಟು ನಂಬಿಕೆ. "ನಿಮ್ಮಪ್ಪ ಯಾವತ್ತು ಲೆಕ್ಕ ತಪ್ಪಿದಾನೆ ಹೇಳು? ಸುಮ್ನೆ ಗಾಬರಿಯಾಗ್ಬೇಡ" ಎಂದೆ. ಅವಳು "ಸರಿ ಅತ್ತೆ" ಎಂದು ಇಟ್ಟುಬಿಟ್ಟಳು.

ಪಕ್ಷ ಬಂತು. ಸಾರಕ್ಕಿಯಲ್ಲಿ ಸೇವಂತಿಗೆ ಕೇಳುವವರಿಲ್ಲದೆ ರಸ್ತೆಗೆ ಸುರಿದರು. ಡಾಲರ್ ಐವತ್ತೆಂಟು ದಾಟಿತು. ಪಾಪಯ್ಯ ಹದಿನೇಳನೇ ತಾರೀಕಿನವರೆಗೆ ಕಾದ. ಆ ದಿನ ಬೆಳಿಗ್ಗೆ ತಿಂಡಿ ಬಿಟ್ಟು ಎದ್ದ. "ಇಳೀತಿಲ್ವಲ್ಲಕ್ಕ" ಎಂದ.

ಬ್ಯಾಂಕಿಗೆ ಓಡಿದೆವು. ಏರಿದ ರೇಟಿಗೆ ಇಟ್ಟಿದ್ದ ದುಡ್ಡು ಸಾಲದಾಯಿತು. ಇನ್ನೊಂದು ಬ್ಯಾಂಕಿನಲ್ಲಿದ್ದ ಡಿಪಾಸಿಟ್ ಮುರಿಸಿ ತರುವಷ್ಟರಲ್ಲಿ ಮಾರನೆಯ ದಿನ ಸಂಜೆಯಾಯಿತು.

"ಇವತ್ತಿನ ಟೈಮ್ ಮುಗೀತು ಅಂಕಲ್" ಎಂದರು ನಂದಕುಮಾರ್. "ನಾಳೆ ಶುಕ್ರವಾರ ಹೋಗುತ್ತೆ. ಶನಿವಾರ ಭಾನುವಾರ ಅಲ್ಲಿ ರಜಾ."

ಅಲ್ಲಿ ಅರ್ಪಿತ ವಕೀಲರ ಕೈಕಾಲು ಹಿಡಿದು ಮೂರು ದಿನ ಹೆಚ್ಚು ಗಡುವು ಪಡೆದಳಂತೆ. ಇಷ್ಟು ದೊಡ್ಡ ಮೊತ್ತ ಎಲ್ಲಿಂದ ಬಂತೆಂದು ವಿಚಾರಿಸಲು ಅಲ್ಲಿನ ಬ್ಯಾಂಕಿನವರು ದುಡ್ಡನ್ನು ತಡೆದರು. ಅದು ಅವಳ ಕೈಗೆ ಬಂದದ್ದು ಆ ಮೂರು ದಿನವೂ ಮುಗಿದ ಮಾರನೆಯ ದಿನ. ಮಾರುವವನಿಗೆ ಅಷ್ಟರಲ್ಲಿ ಹೆಚ್ಚು ಕೊಡುವ ಗಿರಾಕಿ ಸಿಕ್ಕಿದ್ದ.

"ಹೋಯ್ತಪ್ಪ" ಎಂದಳು ಫೋನಿನಲ್ಲಿ.

"ಇನ್ನೊಂದೆರಡು ಲಕ್ಷ ಜಾಸ್ತಿ ಕೊಡ್ತೀನಿ ಅಂತ ಹೇಳವ್ವ ಅವ್ನಿಗೆ."

"ಅವನು ಮಾತೇ ಆಡ್ತಿಲ್ಲಪ್ಪ."

"ನೀನು ಕಟ್ಟಿದ ಮುಂಗಡ?"

"ಅದೂ ಹೋಯ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಊಟ ಆಯ್ತಾ?" ಎಂದು ಕೇಳಿ ಇಟ್ಟಳು. ಹಿಂದಿನಿಂದ ಮಗುವಿನ ದನಿ ಕೇಳುತ್ತಿತ್ತು. ಏನು ಹೇಳುತ್ತಿತ್ತೋ ನನಗೆ ತಿಳಿಯಲಿಲ್ಲ.

ಕೂಡಿಟ್ಟದ್ದೆಲ್ಲ ಹೋದ ಮೇಲೆ ಅಲ್ಲಿನ ಬ್ಯಾಂಕ್ ಸಾಲವೂ ಕೈತಪ್ಪಿತು. ಅಪ್ಪ ಕಳಿಸಿದ್ದು ಒಂದರಿಂದ ಬೇರೆ ಮನೆ ಬರಲಿಲ್ಲ. ಊರಾಚೆ ಒಂದು ಬಾಡಿಗೆ ಮನೆ ಹಿಡಿದಳು. ಸ್ಪಂದನಾ ನಾಲ್ಕನೇ ಸ್ಕೂಲಿಗೆ ಸೇರಿತು. ಪಾಪಯ್ಯ ಅಂಗಡಿಯನ್ನು ಹುಡುಗರಿಗೆ ಬಿಟ್ಟುಕೊಟ್ಟ. ಮಗಳು ಫೋನ್ ಮಾಡಿದರೆ ನನ್ನ ಕೈಗೆ ಕೊಟ್ಟು ಮಹಡಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಾನೆ.

ಸಂಕ್ರಾಂತಿ ಕಳೆದ ಮೇಲೆ ಬ್ಯಾಂಕಿನಿಂದ ಕರೆ ಬಂತು, ಇಬ್ಬರೂ ಹೋದೆವು. ಅರ್ಪಿತ ಅಷ್ಟೂ ದುಡ್ಡನ್ನು ವಾಪಸ್ಸು ಕಳಿಸಿದ್ದಳು. "ಅದು ಅಕೌಂಟಲ್ಲಿದ್ರೆ ದಿನಾ ಕಣ್ಣಿಗೆ ಬೀಳುತ್ತೆ ಅತ್ತೆ. ಅಪ್ಪಂದು ಅಪ್ಪನ ಹತ್ರಾನೇ ಇರ್ಲಿ" ಎಂದು ನನಗೆ ಮೊದಲೇ ಹೇಳಿದ್ದಳು. ಅವನಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ನಂದಕುಮಾರ್‌ಗೆ ಮನೆ ಹೋದ ವಿಷಯ ಗೊತ್ತಿರಲಿಲ್ಲ. ಕಂಪ್ಯೂಟರ್ ನೋಡಿ ಖುಷಿಯಿಂದ ಹೇಳಿದರು. "ಅಂಕಲ್, ಡಾಲರ್ ಈಗ ಅರವತ್ತೊಂದು. ನೀವು ಕಳಿಸಿದ್ದಕ್ಕಿಂತ ಒಂದು ಲಕ್ಷದ ಮೇಲೆ ಜಾಸ್ತಿ ಬಂದಿದೆ! ಲಾಭಾನೇ ಆಯ್ತು."

ಪಾಪಯ್ಯ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡ.

"ಇದ್ನ ಈಗ್ಲೇ ಕಳಿಸ್ಬಿಡಿ ಸಾರ್. ಎಷ್ಟಾದ್ರೂ ಇರ್ಲಿ. ರೇಟು ಕೇಳಲ್ಲ ನಾನು. ಎಲ್ಲಿ ಸೈನು ಹಾಕ್ಬೇಕು? ಇವತ್ತೇ ಹೋಗ್ಬೇಕು ಸಾರ್, ಇವತ್ತೇ."

"ಪಾಪಯ್ಯ, ಬೇಡ ಕಣೋ" ಎಂದೆ. "ಅವಳು ಬೇಡ ಅಂದಿದಾಳೆ."

ಅವನಿಗೆ ಕೇಳಿಸಲಿಲ್ಲವೋ ಏನೋ. ಫಾರಂ ಎಲ್ಲಿ, ಫಾರಂ ಎಲ್ಲಿ ಎಂದು ಮೇಜನ್ನು ತಡಕುತ್ತಲೇ ಇದ್ದ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದುಕೊಂಡೆ.