ಏಕಾದಶಿಯ ಇಂಗ್ಲಿಷ್ ಪದ
ದಿನಕ್ಕೊಂದು ಕಠಿಣ ಇಂಗ್ಲಿಷ್ ಪದವನ್ನು ಪಂಚಾಂಗದಲ್ಲಿ ಆ ದಿನದ ತಿಥಿಯ ಪಕ್ಕ ಅರ್ಥಸಹಿತ ಬರೆದಿಡುವುದು, ಕಾಲೇಜು ಬಿಟ್ಟ ಮೇಲೂ ನನ್ನ ರೂಢಿ.

ಒಮ್ಮೆ ಹೊಸಪೇಟೆಯ ತಾಲ್ಲೂಕು ಕಚೇರಿಗೆ ಹೋದಾಗ ಪಾಪಿನಾಯಕನಹಳ್ಳಿಯ ಗಂಗವ್ವ ನೋಟೀಸು ಹಿಡಿದು ಅಳುತ್ತಿದ್ದಳು.

“ಕಾಲುವೆಗೆ ನಿನ್ನ ಹೊಲ ಹೋತು, ಮನೀಗೆ ನಡಿಯವ್ವ,” ಎಂದ ಗುಮಾಸ್ತ.

ನಾನು ಕಾಗದ ಕೇಳಿದೆ.

“ಇಂಗ್ಲಿಷ್‌ನಾಗ ಐತ್ರಿ ಅಮ್ಮಾರ, ನಿಮಗ್ಯಾಕ?” ಎಂದ ಗುಮಾಸ್ತ.

ಓದಿದೆ. ‘ಪ್ರಾವಿಷನಲ್’ ಎಂದಿತ್ತು, ಕಳೆದ ಏಕಾದಶಿಯ ಪದ.

“ಇದು ಕಡೇ ಆದೇಶ ಅಲ್ಲ, ತಾತ್ಕಾಲಿಕ. ತಕರಾರಿಗೆ ಇವತ್ತಿನ ತನಕ ಅವಕಾಶ ಐತಿ,” ಎಂದು ಅಲ್ಲೇ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟೆ.

ಅರ್ಜಿಯ ವಿಚಾರಣೆಯಾಗಿ ಕಾಲುವೆಯ ದಾರಿ ಪಕ್ಕಕ್ಕೆ ಸರಿಯಿತು. ಗಂಗವ್ವನ ಹೊಲ ಉಳಿಯಿತು.

ಈಗ ನನ್ನನ್ನು ಕಂಡರೆ ಗುಮಾಸ್ತ ಎದ್ದು ನಿಲ್ಲುತ್ತಾನೆ. “ಕುಂದ್ರಿ ಅಮ್ಮಾರ. ಇವತ್ತಿನ ಪದ ಯಾವುದ್ರಿ?”

ನಾನು ಹೇಳುವುದಿಲ್ಲ. ಮುಂದಿನ ನೋಟೀಸಿಗೆ ಬೇಕಾದೀತು.