ಮೀನಿನವಳು ಬುಟ್ಟಿ ಕವುಚಿ ಕೂತಿದ್ದು

ಅವಳು ಬಾಯಿ ತೆರೆದರೆ ಸಂತೆಯ ಆ ತುದಿಯಲ್ಲಿ ತೂಕಡಿಸುತ್ತಿದ್ದವನಿಗೂ ಎಚ್ಚರವಾಗುತ್ತಿತ್ತು. ಅದಕ್ಕೇ ಆ ಮೀನು ಮಾರುವವಳಿಗೆ 'ತುತ್ತೂರಿ' ಎಂದು ಅಡ್ಡಹೆಸರು. ಗಂಡ ಹೊಳೆಗೆ ಬಲೆ ಬೀಸುವನು, ಇವಳು ಮಾರುವಳು.

ಒಂದು ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿದ್ದ ಎಷ್ಟೋ ಮೀನುಗಳ ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು.

"ತುಂಡು ಮಾಡಿ ಮಾರು, ಯಾರಿಗೆ ಗೊತ್ತಾಗುತ್ತೆ?" ಅಂದ ಗಂಡ.

"ನಮ್ಮ ಮಗಳ ತಟ್ಟೆಗೆ ಹಾಕ್ತೀಯಾ?"

ಗಂಡ ಕೈಗೆತ್ತಿಕೊಂಡಿದ್ದ ಕತ್ತಿಯನ್ನು ಕೆಳಗಿಟ್ಟ.

ಅವಳು ಮೀನನ್ನು ಬಟ್ಟೆಯಲ್ಲಿ ಸುತ್ತಿ, ಕಾಯಂ ಗಿರಾಕಿಯಾಗಿದ್ದ ಕಾಲೇಜಿನ ಮೇಡಂಗೆ ಕೊಟ್ಟಳು. ಅವರು ಮೀನನ್ನೂ ಹೊಳೆಯ ನೀರನ್ನೂ ಪರೀಕ್ಷೆ ಮಾಡಿಸಿದರು. "ಕರೆಂಟಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಡ್ತಾರಲ್ಲ, ಆ ಬೂದಿಯಲ್ಲಿ ಸೆಲೆನಿಯಂ, ಆರ್ಸೆನಿಕ್ ಇರುತ್ತಮ್ಮ. ಇರೋದು ಚೂರೇ ಚೂರು. ಆದ್ರೆ ದಿನಾ ಹೊಳೆ ಸೇರಿದ್ರೆ ಮೀನಿನ ಮೈಯಲ್ಲಿ ಕೂಡಿಕೊಳ್ಳುತ್ತೆ. ತಿಂದೋರನ್ನೂ ಬಿಡಲ್ಲ."

ಕಾರ್ಖಾನೆಯವರು ಆ ಬೂದಿಯನ್ನು ನೀರಲ್ಲಿ ಕಲಸಿ ತುಂಬುವ ಹೊಂಡವನ್ನು ಕಾಯುವವನು ಅವಳ ಒಡಹುಟ್ಟಿದ ತಮ್ಮ.

"ಅಕ್ಕಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ," ಎಂದು ಅವಳು ವಿಷಯ ತಿಳಿಸಿದಾಗ ತಮ್ಮ ಕೈಮುಗಿದ.

"ನಿನ್ನ ಅನ್ನ ನಿನಗಿರಲಿ. ನಾನಂತೂ ವಿಷ ಮಾರಲ್ಲ ಕಣೋ."

ಮರುದಿನ ಸಂತೆಯಲ್ಲಿ ಬುಟ್ಟಿ ಕವುಚಿ ಕೂತಳು. ಯಾಕೆಂದು ಕೇಳಿದವರಿಗೆಲ್ಲ ಕಾರಣ ಹೇಳಿದಳು, ಅದೂ ಊರಿಗೇ ಕೇಳುವಂತೆ. ಉಳಿದ ಮೀನಿನವರು "ಹೊಟ್ಟೆ ಮೇಲೆ ಹೊಡೀತಾಳೆ" ಎಂದು ಶಾಪ ಹಾಕಿದರು. ತಂತಮ್ಮ ಬುಟ್ಟಿಯಲ್ಲೂ ಡೊಂಕು ಮೀನು ಕಂಡ ಮೇಲೆ ಒಬ್ಬೊಬ್ಬರಾಗಿ ಅವರೂ ಕವುಚಿದರು. ಕಷ್ಟದ ದಿನಗಳವು. ಕಂಡವರ ಮನೆಯ ಪಾತ್ರೆ ತಿಕ್ಕಿ ಅವಳು ಒಲೆ ಹೊತ್ತಿಸಿದಳು. ಅಕ್ಕನ ಬಿರಿದ ಕೈ ನೋಡಿ ನೋಡಿ ತಮ್ಮನಿಗೆ ತುತ್ತು ಇಳಿಯದಾಯಿತು.

ಕೊನೆಗೆ ಈ ಸುದ್ದಿ ಮುಟ್ಟಿ ಅಧಿಕಾರಿಗಳು ಊರಿನವರ ಸಭೆ ಕರೆದರು. "ನಮ್ಮ ಹೊಂಡದಿಂದ ಒಂದು ಹನಿಯೂ ಆಚೆ ಹೋಗಲ್ಲ," ಅಂದರು ಕಾರ್ಖಾನೆಯವರು.

ಹಿಂದಿನ ಸಾಲಿನಲ್ಲಿ ತಮ್ಮ ಎದ್ದ.

"ಹೋಗುತ್ತೆ ಸಾರ್. ಕಟ್ಟೆ ಬಿರುಕು ಬಿಟ್ಟಿದೆ. ಬನ್ನಿ, ತೋರಿಸ್ತೀನಿ."

ಇಡೀ ಸಭೆ ಅವನ ಹಿಂದೆ ನಡೆಯಿತು. ಬೂದಿನೀರು ಹೊಳೆಗೆ ಇಳಿಯುವುದನ್ನು ಎಲ್ಲರೂ ಕಣ್ಣಾರೆ ಕಂಡರು. ಅಕ್ಕ ತಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಅಧಿಕಾರಿಗಳು ಹಳೇ ಹೊಂಡ ಮುಚ್ಚಿಸಿದರು. ಬೂದಿಯನ್ನು ನೀರು ಬೆರೆಸದೆ ಒಣದಾಗಿಯೇ ಸಾಗಿಸುವ ಏರ್ಪಾಡಾಯಿತು. ತಮ್ಮನನ್ನು ಕೆಲಸದಿಂದ ತೆಗೆಯಲು ನೋಡಿದಾಗ ಊರೇ ಗೇಟಿನ ಮುಂದೆ ನಿಂತಿತು; ಕಾರ್ಖಾನೆಯವರು ಅದನ್ನು ಕೈಬಿಟ್ಟರು.

ಹೊಳೆ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. "ಇನ್ನು ಧಾರಾಳವಾಗಿ ತಿನ್ನಬಹುದು" ಎಂದು ಮೇಡಂ ಹೇಳಿದ ದಿನ ಗಂಡ ಬಲೆ ಹರಿಯುವಷ್ಟು ಮೀನು ತಂದ. ತುತ್ತೂರಿ ಸಂತೆಗೆ ಕಾಲಿಟ್ಟಾಗ ಹಿಂದೆ ಶಾಪ ಹಾಕಿದ್ದ ಹೆಂಗಸರೇ ಸರಿದು ನಡುವಿನ ಜಾಗ ಬಿಟ್ಟುಕೊಟ್ಟರು. ಬಿಸಿಲೇರುವಷ್ಟರಲ್ಲಿ ಯಾರ ಬುಟ್ಟಿಯಲ್ಲೂ ಹೆಸರಿಗೂ ಒಂದು ಮೀನು ಉಳಿಯಲಿಲ್ಲ.